ಕೆಂಪೋ ಹಸಿರೋ

ಜೂನ್ 3

ಪ್ರೀತಿಯ ಮಗಳೇ,

ನಿನ್ನ ಪತ್ರ ಸಿಕ್ಕಿತು. ನೀನು ಮತ್ತು ನಿಮ್ಮಮ್ಮ ಆ ಊರಿಗೆ ಹೋಗಿ ಮೂರು ವರ್ಷವಾಯಿತಲ್ಲ, ಇದು ನೀನು ಬರೆದ ಮೊದಲ ಪತ್ರ. ಲಕೋಟೆಯ ಮೇಲೆ ನಿನ್ನ ಅಕ್ಷರದಲ್ಲಿ ನನ್ನ ಹೆಸರು ನೋಡಿ, ಬೇರೆ ಯಾರಿಗೋ ಬಂದದ್ದನ್ನು ಒಡೆಯುತ್ತಿದ್ದೇನೇನೋ ಎನ್ನಿಸಿತು.

ಫೋನಿನಲ್ಲಿ ನೀನು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ, ನಿಜ. ಮೂವತ್ತು ವರ್ಷ ಲಿಫ್ಟಿನ ಮೋಟಾರುಗಳ ಪಕ್ಕ ನಿಂತ ಕಿವಿ ಇದು. ನೀನು ಕಾರ್ಡ್ ಎಂದದ್ದನ್ನು ಬಸ್ಸಿನ ಪಾಸು ಎಂದುಕೊಂಡು, "ಆಫೀಸಿಗೆ ಒಂದು ಫೋಟೋ ತಗೊಂಡು ಹೋಗು, ಮಾಡಿಕೊಡ್ತಾರೆ" ಎಂದುಬಿಟ್ಟೆ. ನೀವಿಬ್ಬರೂ ಎಷ್ಟು ನಕ್ಕಿರೋ.

ಈಗ ತಿಳಿಯಿತು. ಕಂಪ್ಯೂಟರಿನಲ್ಲಿ ಆಟ ಆಡಲು ಬೇಕಾದ ಗ್ರಾಫಿಕ್ಸ್ ಕಾರ್ಡ್. ಎರಡು ಬರೆದಿದ್ದೀಯ, ಒಂದು ಹಸಿರು ಡಬ್ಬಿಯ ಕಂಪನಿಯದು, ಒಂದು ಕೆಂಪು ಡಬ್ಬಿಯದು. ಬೆಲೆ ಹೆಚ್ಚುಕಡಿಮೆ ಒಂದೇ, ಎರಡೂ ಚೆನ್ನಾಗಿವೆ, ನೀನೇ ನೋಡಿ ಒಂದು ತಗೋ ಎಂದಿದ್ದೀಯ. ಖಂಡಿತ ಕೊಡಿಸುತ್ತೇನೆ. ಆದರೆ ನೋಡದೆ ತಂದ ವಸ್ತು ನಮ್ಮ ಮನೆಗೆ ಯಾವತ್ತೂ ಬಂದಿಲ್ಲ. ಮೊದಲು ಇದು ಏನು ಮಾಡುತ್ತದೆ ಎಂದು ತಿಳಿಸಿ ಬರೆ. ಅವಸರವೇನಿಲ್ಲ.

ಆಶೀರ್ವಾದಗಳೊಂದಿಗೆ,
ಅಪ್ಪ

ಜೂನ್ 14

ಅಪ್ಪಾ,

ನಕ್ಕಿದ್ದು ನಾನೊಬ್ಬಳೇ. ಅಮ್ಮ ಡ್ಯೂಟಿಯಲ್ಲಿದ್ದಳು. ಬಂದ ಮೇಲೆ ಹೇಳಿದೆ, ಅವಳೂ ನಕ್ಕಳು, ಆದರೆ ಸ್ವಲ್ಪ.

ಕಾರ್ಡ್ ಏನು ಮಾಡುತ್ತದೆ ಅಂದರೆ, ಆಟದಲ್ಲಿ ನಾನು ಒಂದು ಹೆಜ್ಜೆ ಮುಂದಿಟ್ಟೆ ಅನ್ನು. ಗೋಡೆ, ಮರ, ನೆರಳು, ಎದುರಾಳಿ ಎಲ್ಲವೂ ಆ ಹೆಜ್ಜೆಗೆ ತಕ್ಕ ಹಾಗೆ ಬೇರೆಯಾಗಿ ಕಾಣಬೇಕು. ಆ ಚಿತ್ರವನ್ನು ಪ್ರತಿ ಸಲ ಹೊಸದಾಗಿ ಬರೆಯುವುದು ಅದರ ಕೆಲಸ. ಸೆಕೆಂಡಿಗೆ ನೂರು ಚಿತ್ರ ಬರೆದರೆ ಆಟ ನೀರಿನ ಹಾಗೆ ಹರಿಯುತ್ತದೆ. ನನ್ನ ಹಳೇ ಕಾರ್ಡ್ ಮೂವತ್ತು ಬರೆಯುವಷ್ಟರಲ್ಲಿ ಏದುಸಿರು ಬಿಡುತ್ತದೆ. ಬಾಗಿಲ ಹಿಂದೆ ಯಾರೋ ಇದ್ದಾರೆ ಅಂತ ಗೊತ್ತಾಗುವಷ್ಟರಲ್ಲಿ ನಾನು ಸತ್ತಿರುತ್ತೇನೆ. ಆಟದಲ್ಲಿ ಅಪ್ಪಾ, ಗಾಬರಿಯಾಗಬೇಡ.

ನಾವು ಐದು ಹುಡುಗಿಯರ ತಂಡ. ನಮ್ಮ ನಾಯಕಿಗೆ ಎಲ್ಲರಿಗಿಂತ ಒಂದು ವರ್ಷ ಹೆಚ್ಚು, ಅದಕ್ಕೇ ದೊಡ್ಡಕ್ಕ ಅಂತೀವಿ. ಬದಲಿ ಆಟಗಾರ್ತಿಯೂ ಒಬ್ಬಳಿದ್ದಾಳೆ, ಗುಬ್ಬಿ. ಸೆಪ್ಟೆಂಬರ್ ಇಪ್ಪತ್ತಕ್ಕೆ ಆಯ್ಕೆ ಪಂದ್ಯ. ಎಲ್ಲರೂ ಅವರವರ ಮನೆಯಿಂದಲೇ ಆಡುವುದು. ಅಷ್ಟರೊಳಗೆ ಕಾರ್ಡ್ ಬಂದು, ನನಗೆ ಸ್ವಲ್ಪ ಅಭ್ಯಾಸವಾದರೆ ಸಾಕು.

ನಿನ್ನ,
ಮಗಳು

ಜೂನ್ 27

ಪ್ರೀತಿಯ ಮಗಳೇ,

ಭಾನುವಾರ ಎರಡು ಅಂಗಡಿಗೆ ಹೋಗಿದ್ದೆ. ಮೊದಲನೆಯವನ ಕನ್ನಡಕ ಮೂಗಿನ ತುದಿಯಲ್ಲಿತ್ತು. "ಕೆಂಪೇ ತಗೊಳ್ಳಿ ಸಾರ್, ಮೆಮೊರಿ ಜಾಸ್ತಿ, ನಾಲ್ಕು ವರ್ಷ ತಿರುಗಿ ನೋಡೋ ಹಾಗಿಲ್ಲ" ಎಂದ. ರಸ್ತೆ ದಾಟಿ ಎರಡನೆಯವನ ಹತ್ತಿರ ಹೋದರೆ ಅವನು ಹಣೆ ಚಚ್ಚಿಕೊಂಡ. "ಮೆಮೊರಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ? ಬೆಳಕು ನೆರಳು ನೋಡಬೇಕು ಅಂದ್ರೆ ಹಸಿರೇ" ಎಂದ. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರ ಮಾತನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದು ಗೋಡೆಗೆ ಅಂಟಿಸಿದ್ದೇನೆ.

ಲಿಫ್ಟಿಗೆ ಮೋಟಾರು ಬದಲಿಸುವಾಗ ನಾವು ಮೊದಲು ನೋಡುವುದು ಮೋಟಾರನ್ನಲ್ಲ, ಅದು ಕೂರುವ ಜಾಗವನ್ನು. ಕೆಂಪು ಕಾರ್ಡ್ ಎರಡು ಬೆರಳು ಹೆಚ್ಚು ಉದ್ದವಿದೆ. ನಿನ್ನ ಕಂಪ್ಯೂಟರಿನ ಕ್ಯಾಬಿನೆಟ್ ತೆಗೆದು ಒಳಗಿನ ಉದ್ದ ಅಳೆದು ಬರೆ. ಪವರ್ ಸಪ್ಲೈ ಎಷ್ಟು ವ್ಯಾಟ್ ಎಂದು ಅದರ ಮೈಮೇಲೆಯೇ ಇರುತ್ತದೆ. ಮುಟ್ಟುವ ಮೊದಲು ಪ್ಲಗ್ ಕೀಳು, ಮರೆಯಬೇಡ. ಕಂಪ್ಯೂಟರ್ ಎಲ್ಲಿಟ್ಟಿದ್ದೀಯ, ಕಿಟಕಿಯ ಹತ್ತಿರವೋ? ಧೂಳು ಬರುತ್ತದೆಯೋ? ನೀನು ಆಡುವಾಗ ನಿಮ್ಮಮ್ಮನಿಗೆ ನಿದ್ದೆ ಕೆಡುವುದಿಲ್ಲವೋ?

ಆಶೀರ್ವಾದಗಳೊಂದಿಗೆ,
ಅಪ್ಪ

ಜುಲೈ 9

ಅಪ್ಪಾ,

ಉಪ್ಪಿನಕಾಯಿ ಮಾತನ್ನು ತಂಡದವರಿಗೆಲ್ಲ ಓದಿ ಹೇಳಿದೆ. ಈಗ ಯಾರಾದರೂ ಮೆಮೊರಿ ಅಂದರೆ ಸಾಕು, ದೊಡ್ಡಕ್ಕ "ಮಾವಿನದೋ ನಿಂಬೇದೋ" ಅಂತಾಳೆ.

ಕ್ಯಾಬಿನೆಟ್ ತೆಗೆದೆ. ನಾನು ಇಲ್ಲಿಗೆ ಬರುವಾಗ ನೀನು ನನ್ನ ಚೀಲದಲ್ಲಿ ಹಾಕಿದ್ದೆಯಲ್ಲ, ಹಳದಿ ಹಿಡಿಯ ಸ್ಕ್ರೂಡ್ರೈವರ್, ಅದರಿಂದಲೇ. ಒಳಗೆ ಇದ್ದ ಧೂಳಿನಲ್ಲಿ ಒಂದು ದಿಂಬು ತುಂಬಬಹುದಿತ್ತು. ಉದ್ದ ಮೂವತ್ತೊಂದು ಸೆಂಟಿಮೀಟರ್. ಎರಡು ಕಾರ್ಡೂ ಹಿಡಿಸುತ್ತವೆ. ಪವರ್ ಸಪ್ಲೈ ಆರುನೂರೈವತ್ತು ವ್ಯಾಟ್, ಅದೂ ಸಾಕು. ಮೇಜು ಕಿಟಕಿಯ ಹತ್ತಿರವೇ ಇದೆ. ಎದುರಿಗೆ ಒಣಗಿಹಾಕಿದ ಬಟ್ಟೆಗಳು ಮಾತ್ರ ಕಾಣುತ್ತವೆ. ನಾನು ಆಡುವುದು ಅಮ್ಮ ಲ್ಯಾಬಿನ ಡ್ಯೂಟಿಗೆ ಹೋದ ಮೇಲೆ, ನಿದ್ದೆ ಕೆಡುವ ಪ್ರಶ್ನೆಯಿಲ್ಲ.

ಪೆಟ್ಟಿಗೆಯ ಮುಂದೆ ಕಾಲು ಚಾಚಿ ಕೂತಾಗ ನಿನ್ನ ಲಿಫ್ಟಿನ ಮೆಷಿನ್ ರೂಮು ನೆನಪಾಯಿತು. ನನಗೆ ಆಗ ಏಳು ವರ್ಷವಿರಬೇಕು. ದೊಡ್ಡ ಚಕ್ರ ತಿರುಗುವುದನ್ನು ತೋರಿಸಿ, "ಈಗ ಯಾರೋ ಮೇಲಕ್ಕೆ ಹೋಗ್ತಿದಾರೆ, ನಮಗೆ ಅವರು ಯಾರು ಅಂತ ಗೊತ್ತಿಲ್ಲ, ಅವರಿಗೂ ನಾವು ಗೊತ್ತಿಲ್ಲ" ಅಂದಿದ್ದೆ. ಯಾಕೋ ಅದು ಮರೆತೇ ಹೋಗಿಲ್ಲ.

ನಿನಗೆ ಒಂದು ವಿಷಯ ಹೇಳುತ್ತೇನೆ, ಅಮ್ಮನಿಗೂ ಹೇಳಿಲ್ಲ. ಈ ಊರಿಗೆ ಬಂದ ಮೇಲೆ ನಾನು ತರಗತಿಯಲ್ಲಿ ಬಾಯಿ ಬಿಡುವುದು ಹಾಜರಿ ಕೂಗುವಾಗ ಮಾತ್ರ. ಹಾಜರಿ ಕೂಗದ ಮೇಡಂ ಒಬ್ಬರು ನಾನು ಮೂಗಿ ಅಂತಲೇ ತಿಳಿದಿದ್ದರು. ಆದರೆ ಆಟದಲ್ಲಿ ನಾನು ಹಿಂದಿನ ಕಾವಲು. ಎಲ್ಲ ಕಡೆ ನೋಡಿ ಎಲ್ಲರಿಗೂ ಹೇಳಬೇಕಾದವಳು ನಾನೇ. ನಾನು "ಎಡಕ್ಕೆ" ಅಂದರೆ ನಾಲ್ಕು ಜನ ಎಡಕ್ಕೆ ತಿರುಗುತ್ತಾರೆ ಅಪ್ಪಾ! ನನ್ನ ಧ್ವನಿ ಇಷ್ಟು ಗಟ್ಟಿ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಈ ತಿಂಗಳ ಕೊನೆಗೆ ಕಳಿಸುತ್ತೀಯಲ್ಲ?

ನಿನ್ನ,
ಹಿಂದಿನ ಕಾವಲು

ಜುಲೈ 30

ಪ್ರೀತಿಯ ಹಿಂದಿನ ಕಾವಲೇ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀನು ನಗುತ್ತೀಯ. ನಿನ್ನ ಧ್ವನಿ ಗಟ್ಟಿ ಎಂದು ನನಗೆ ಗೊತ್ತಿತ್ತು. ಹುಟ್ಟಿದ ದಿನ ನರ್ಸು ಹೊರಗೆ ಬಂದು ಹೇಳುವ ಮೊದಲೇ ನೀನು ಹೇಳಿದ್ದೆ. ಶಾಲೆಯಲ್ಲಿ ಪಕ್ಕದಲ್ಲಿ ಕೂರುವವಳು ಯಾರು? ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರುತ್ತೀಯ?

ಕಾರ್ಡಿನ ವಿಷಯ. ಹಸಿರಿಗೆ ಎರಡು ಫ್ಯಾನು, ಕೆಂಪಿಗೆ ಮೂರು. ಮೂರು ಫ್ಯಾನು ಎಂದರೆ ಸದ್ದು ಹೆಚ್ಚು, ಆದರೆ ತಂಪೂ ಹೆಚ್ಚು. ನಿನ್ನ ಕೋಣೆಯಲ್ಲಿ ಗಾಳಿ ಹೇಗೆ ಆಡುತ್ತದೆ, ಬಾಗಿಲು ಕಿಟಕಿಗೆ ಎದುರಾಗಿದೆಯೋ ಇಲ್ಲವೋ? ಜೊತೆಗೆ ಕೆಂಪಿನಲ್ಲಿ ಹೊಸ ಮಾದರಿ ಬರುತ್ತದೆ ಎಂದು ಕನ್ನಡಕದವನು ಹೇಳುತ್ತಿದ್ದಾನೆ. ಒಂದಿಷ್ಟು ದಿನ ಕಾಯೋಣವೇ? ನೀನು ಏನಂತೀಯ ಎಂದು ವಿವರವಾಗಿ ಬರೆ.

ಆಶೀರ್ವಾದಗಳೊಂದಿಗೆ,
ಅಪ್ಪ

ಆಗಸ್ಟ್ 12

ಅಪ್ಪಾ,

ಹೊಸ ಮಾದರಿ ಪ್ರತಿ ವರ್ಷ ಬರುತ್ತದೆ. ಕಾಯುತ್ತಾ ಕೂತರೆ ನನಗೆ ಮೊಮ್ಮಕ್ಕಳಾಗುತ್ತಾರೆ. ಸದ್ದು ನನಗೆ ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಹಾಕಿರುತ್ತೇನೆ.

ಹಳೇ ಕಾರ್ಡ್ ಈಗ ಕೈಕೊಡುತ್ತಿದೆ. ಪರದೆಯ ಮೇಲೆ ಉದ್ದುದ್ದ ಗೆರೆಗಳು ಬರುತ್ತವೆ. ಮೊನ್ನೆ ಅಭ್ಯಾಸದ ಆಟದಲ್ಲಿ ಎರಡು ಸಲ ನಿಂತೇಹೋಯಿತು. ದೊಡ್ಡಕ್ಕ "ಕಾರ್ಡ್ ಬರ್ತಿದೆ ತಾನೆ?" ಅಂತ ಮಾತ್ರ ಕೇಳಿದಳು. ನಮ್ಮಪ್ಪ ನೋಡ್ತಿದಾರೆ ಅಂದೆ.

ಅಮ್ಮನಿಗೆ ಹೇಳಿದರೆ, "ನಿಮ್ಮಪ್ಪ ಚಪ್ಪಲಿ ಆರಿಸೋಷ್ಟರಲ್ಲಿ ಅಂಗಡಿಯವನು ಬಾಗಿಲು ಹಾಕಿ ಮನೆಗೆ ಹೋಗಿರ್ತಾನೆ" ಅಂದಳು. ತಾನೇ ಕೊಡಿಸಲಾ ಅಂತಲೂ ಕೇಳಿದಳು. ಬೇಡ, ಅಪ್ಪ ಕೊಡಿಸುತ್ತಾನೆ ಅಂದೆ.

ಯಾವುದಾದರೂ ಸರಿ. ನಾಣ್ಯ ಚಿಮ್ಮಿ ನೋಡು.

ನಿನ್ನ,
ಮಗಳು

ಆಗಸ್ಟ್ 29

ಪ್ರೀತಿಯ ಮಗಳೇ,

ಇನ್ನು ಒಂದೇ ಒಂದು ಸಂದೇಹ. ಪವರ್ ಸಪ್ಲೈಯಿಂದ ಕಾರ್ಡಿಗೆ ಬರುವ ವೈರಿನ ತುದಿಯಲ್ಲಿ ಆರು ಪಿನ್ ಇವೆಯೋ ಎಂಟೋ? ಅದನ್ನು ನೋಡಿ ಬರೆದುಬಿಡು. ತಪ್ಪು ತಂದು ಆಮೇಲೆ ಒದ್ದಾಡುವುದಕ್ಕಿಂತ ಇದು ಮೇಲು. ಶಾಲೆಯ ವಿಷಯ ನೀನು ಬರೆಯಲೇ ಇಲ್ಲ.

ಆಶೀರ್ವಾದಗಳೊಂದಿಗೆ,
ಅಪ್ಪ

ಸೆಪ್ಟೆಂಬರ್ 5

ಎಂಟು ಪಿನ್. ಎರಡಕ್ಕೂ ಹೊಂದುತ್ತದೆ. ಕಳಿಸು ಅಪ್ಪಾ.

ಸೆಪ್ಟೆಂಬರ್ 24

ಅಪ್ಪನಿಗೆ,

ಆಯ್ಕೆ ಪಂದ್ಯ ಮುಗಿಯಿತು. ಮೊದಲನೆಯ ಆಟದಲ್ಲಿ ಆರನೇ ನಿಮಿಷಕ್ಕೆ ನನ್ನ ಪರದೆ ನಿಂತಿತು. ನನಗೆ ಅವರ ಧ್ವನಿ ಕೇಳುತ್ತಿತ್ತು, ಚಿತ್ರ ಮಾತ್ರ ಇರಲಿಲ್ಲ. "ಎಡಕ್ಕಾ, ಬಲಕ್ಕಾ, ಹೇಳೇ" ಅಂತ ನಾಲ್ಕು ಜನ ಕೇಳುತ್ತಿದ್ದರು. ನಾನು ಅಂದಾಜಿನ ಮೇಲೆ ಎಡಕ್ಕೆ ಅಂದೆ. ಬಲಕ್ಕೆ ಹೋಗಬೇಕಿತ್ತು.

ಮುಂದಿನ ಎರಡು ಆಟಕ್ಕೆ ದೊಡ್ಡಕ್ಕ ಗುಬ್ಬಿಯನ್ನು ಇಳಿಸಿದಳು. ಎರಡೂ ಗೆದ್ದರು. ತಂಡ ಆಯ್ಕೆಯಾಗಿದೆ. ಜನವರಿಯ ಮುಂದಿನ ಸುತ್ತಿಗೆ ಗುಬ್ಬಿ ಸೇರಿ ಈ ಐವರೇ ಆಡಬೇಕಂತೆ, ನಿಯಮ ಹಾಗಿದೆ. ದೊಡ್ಡಕ್ಕ ಫೋನ್ ಮಾಡಿ ಅತ್ತಳು, ನಾನೇ ಸಮಾಧಾನ ಮಾಡಿದೆ.

ನಿಮಗೆ ತಿಳಿಸಬೇಕಿತ್ತು, ಅಷ್ಟೇ. ನೀವು ಇನ್ನು ಕಾರ್ಡ್ ಹುಡುಕಬೇಡಿ.

ಇತಿ,
ಮಗಳು

ಅಕ್ಟೋಬರ್ 3

ಮಗಳೇ,

ನೀನು ನನ್ನನ್ನು ನೀವು ಎಂದು ಬರೆದಿದ್ದೀಯ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈ ಪತ್ರದ ಜೊತೆ ಬರುವ ಡಬ್ಬಿಯಲ್ಲಿ ಹಸಿರು ಕಾರ್ಡ್ ಇದೆ. ಒಳಗೆ ಬಿಲ್ಲು ಇದೆ. ಬಿಲ್ಲಿನ ತಾರೀಖನ್ನು ನೀನು ನೋಡುವ ಮೊದಲು ನಾನೇ ಹೇಳುತ್ತೇನೆ. ಜುಲೈ ಹದಿನೈದು.

ನಿನ್ನ ಉದ್ದದ ಪತ್ರ ಬಂದ ಮರುದಿನ ಅಂಗಡಿಗೆ ಹೋದೆ. ಕೆಂಪೋ ಹಸಿರೋ ಎಂದು ಅಂಗಡಿಯವನು ಕೇಳಿದಾಗ ಹಸಿರು ಎಂದೆ. ಐದು ನಿಮಿಷವೂ ಹಿಡಿಯಲಿಲ್ಲ. ಮನೆಗೆ ತಂದು, ರಟ್ಟು ಸುತ್ತಿ, ನಿಮ್ಮ ವಿಳಾಸ ಬರೆದೆ. ಆಮೇಲೆ ನಿನ್ನ ಪತ್ರವನ್ನು ಇನ್ನೊಂದು ಸಲ ಓದಲು ಕುಳಿತೆ, ಅಲ್ಲಿಗೆ ಕೆಟ್ಟಿತು. ಮೆಷಿನ್ ರೂಮು, ಮೂಗಿ ಎಂದುಕೊಂಡ ಮೇಡಂ, ನಿನ್ನ ಗಟ್ಟಿ ಧ್ವನಿ. ಮೂರು ವರ್ಷ ಫೋನಿನಲ್ಲಿ "ಊಟ ಆಯ್ತಾ", "ಹೂಂ ಆಯ್ತು" ಬಿಟ್ಟರೆ ಬೇರೆ ಮಾತಿರಲಿಲ್ಲ. ಡಬ್ಬಿ ಕಳಿಸಿದರೆ ಥ್ಯಾಂಕ್ಸ್ ಅಪ್ಪಾ ಎಂದು ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ ಎನ್ನಿಸಿತು. ಇನ್ನೊಂದೇ ಪತ್ರ ಬರಲಿ, ಆಮೇಲೆ ಕಳಿಸೋಣ ಎಂದುಕೊಂಡೆ. ಫ್ಯಾನು, ಸದ್ದು, ಪಿನ್ನು ಎಲ್ಲ ಅದಕ್ಕಾಗಿ ಹುಡುಕಿದ ನೆಪ. ಡಬ್ಬಿ ಅಷ್ಟು ದಿನವೂ ಬೀರುವಿನಲ್ಲಿ, ನನ್ನ ಅಂಗಿಗಳ ಕೆಳಗಿತ್ತು.

ನಿನ್ನ ಒಂದು ಸಾಲಿನ ಪತ್ರ ಬಂದದ್ದು ಸೆಪ್ಟೆಂಬರ್ ಹತ್ತಕ್ಕೆ. ಮರುದಿನ ಕಳಿಸಿದ್ದರೂ ಮುಟ್ಟುತ್ತಿತ್ತು. ಅದೂ ಗೊತ್ತಿತ್ತು. ಆದರೆ ಬಿಲ್ಲು ಇಟ್ಟು ಕಳಿಸಿದರೆ ನನ್ನ ಸುಳ್ಳು ತಿಳಿಯುತ್ತದೆ, ತೆಗೆದು ಕಳಿಸಿದರೆ ವಾರಂಟಿ ಹೋಗುತ್ತದೆ. ಇಡಲೋ ತೆಗೆಯಲೋ ಎಂದು ಅಳೆಯುತ್ತಾ ಕುಳಿತೆ. ಒಂದು ಚೂರು ಕಾಗದಕ್ಕೆ ಒಂಬತ್ತು ದಿನ. ಕೋಟೆ ಕೊಳ್ಳೆಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ಇವತ್ತು ಕಳಿಸುತ್ತಿದ್ದೇನೆ.

ನಿಮ್ಮಮ್ಮನಿಗೂ ಹೀಗೇ ಮಾಡಿದೆ. ಅವಳಿಗೆ ಆ ಊರಿನಲ್ಲಿ ಕೆಲಸ ಸಿಕ್ಕಾಗ, ನಮ್ಮ ಕಂಪನಿಯವರು ನನಗೆ ವರ್ಗಾವಣೆಯ ಅರ್ಜಿ ಕೊಟ್ಟಿದ್ದರು. ಸಹಿ ಹಾಕಿದರೆ ಸಾಕಿತ್ತು. ನಾಲ್ಕು ತಿಂಗಳು ಅಂಗಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇಲ್ಲೇ ಇರೋಣ ಎಂದು ಒಂದು ದಿನ, ಹೋಗಿಬಿಡೋಣ ಎಂದು ಒಂದು ದಿನ. ಗಡುವು ಮುಗಿದ ಮೇಲೆ, ಕಂಪನಿಯವರು ಒಪ್ಪಲಿಲ್ಲ ಎಂದು ಹೇಳಿದೆ. ಆಮೇಲೆ ನೀವಿಬ್ಬರೂ ಹೋದಿರಿ.

ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

ಅಪ್ಪ

ಡಿಸೆಂಬರ್ 18

ಅಪ್ಪನಿಗೆ,

ಡಬ್ಬಿ ಅಕ್ಟೋಬರ್ ಒಂಬತ್ತಕ್ಕೇ ಬಂತು. ನಾನು ತೆಗೆಯಲಿಲ್ಲ. ಮಂಚದ ಕೆಳಗೆ ತಳ್ಳಿದೆ. ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಬರೀ ಬೈಗುಳ ಬಂತು, ಹರಿದುಹಾಕಿದೆ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಲು ಕೊಟ್ಟೆ. ತಪ್ಪೋ ಸರಿಯೋ ಗೊತ್ತಿಲ್ಲ, ಕೊಟ್ಟೆ. ಓದಿ, ಮಡಿಸಿ, ಸೊಪ್ಪು ಬಿಡಿಸುತ್ತಾ ಕೂತಳು. ಕಂತೆ ಮುಗಿದ ಮೇಲೆ, "ಆ ಅರ್ಜಿ ನನಗೆ ಗೊತ್ತಿತ್ತು ಕಣೇ" ಅಂದಳು. ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿತ್ತಂತೆ. ಓದಿ, ಅಂಗಿ ಒಣಗಿದ ಮೇಲೆ ಅದರ ಜೇಬಿನಲ್ಲೇ ವಾಪಸ್ ಇಟ್ಟಳಂತೆ. "ಕೇಳಬಾರದಿತ್ತಾ" ಅಂದೆ. "ಅವರೇ ಹೇಳಲಿ ಅಂತ ಕಾದೆ" ಅಂದಳು. ನಿಮ್ಮಿಬ್ಬರಲ್ಲಿ ಯಾರ ಮೇಲೆ ಹೆಚ್ಚು ಕೋಪ ಮಾಡಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಕಾರ್ಡನ್ನು ಗುಬ್ಬಿಗೆ ಕೊಟ್ಟಿದ್ದೇನೆ. ಅವಳ ಕಾರ್ಡೂ ಹಳೆಯದೇ, ಜನವರಿಯಲ್ಲಿ ಅವಳೇ ಆಡಬೇಕು. ಅವಳ ಮನೆ ಇದೇ ಊರಲ್ಲಿ, ನಾನೇ ಹೋಗಿ ಹಾಕಿಕೊಟ್ಟು ಬಂದೆ. ಅವಳ ಪರದೆಯ ಮೇಲೆ ಆಟ ಎಷ್ಟು ನುಣ್ಣಗೆ ಓಡಿತು ಗೊತ್ತಾ. ಬಾತ್‌ರೂಮಿಗೆ ಹೋಗುತ್ತೇನೆ ಅಂತ ಹೇಳಿ ಅಲ್ಲಿ ನಿಂತು ಅತ್ತೆ. ಇದನ್ನು ದೊಡ್ಡತನ ಅಂದುಕೊಳ್ಳಬೇಡ. ನನ್ನ ಪೆಟ್ಟಿಗೆಯಲ್ಲಿ ಅದನ್ನು ಇಟ್ಟುಕೊಂಡು ಆಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಮಾತು ಮಾತ್ರ ನಿನಗೆ ಹೇಳಲೇಬೇಕು. ನೀನು ಸುಮ್ಮನೆ ಬರೆದಿದ್ದರೂ ನಾನು ಬರೆಯುತ್ತಿದ್ದೆ. ಕಾರ್ಡ್ ಬೇಕಿದ್ದದ್ದು ನಿಜ. ಆದರೆ ಅದನ್ನು ಜೂನ್‌ನಲ್ಲೇ ಅಮ್ಮನನ್ನು ಕೇಳಬಹುದಿತ್ತು, ಅವತ್ತೇ ಸಿಗುತ್ತಿತ್ತು. ಯಾವುದು ಒಳ್ಳೆಯದು ಅಂತಲೂ ನನಗೆ ಗೊತ್ತಿತ್ತು. ಒಂದನ್ನೇ ಬರೆದರೆ ನೀನು ಕಳಿಸಿ ಸುಮ್ಮನಾಗುತ್ತೀಯ ಅಂತ ಎರಡು ಬರೆದೆ.

ಸ್ವಲ್ಪ ದಿನ ಬರೆಯುವುದಿಲ್ಲ. ಯಾವಾಗ ಬರೆಯುತ್ತೇನೆ ಅಂತ ಕೇಳಬೇಡ. ಕೋಪ ಇಳಿಯಬೇಕು, ಅದಕ್ಕೆ ಎಷ್ಟು ದಿನ ಬೇಕೋ ನನಗೆ ಗೊತ್ತಿಲ್ಲ.

ಮಗಳು

ಜನವರಿ 11

ಪ್ರೀತಿಯ ಮಗಳೇ,

ಇದಕ್ಕೆ ಉತ್ತರ ಬೇಡ. ನಾನು ಏನನ್ನೂ ಕೇಳುತ್ತಿಲ್ಲ. ಮೊನ್ನೆ ನಡೆದ ಒಂದು ಸಂಗತಿಯನ್ನು ನಿನಗೆ ಹೇಳಬೇಕೆನ್ನಿಸಿತು, ಅಷ್ಟೇ.

ಮಧ್ಯಾಹ್ನ ಕರೆಂಟು ಹೋಗಿ ಒಂದು ಆರು ಮಹಡಿ ಕಟ್ಟಡದ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತ್ತು. ಒಳಗೆ ಒಬ್ಬ ಅಜ್ಜಿ ಮತ್ತು ಮೊಮ್ಮಗಳು. ನಾನು ಹೋಗುವಷ್ಟರಲ್ಲಿ ಅಜ್ಜಿ ಹೆದರಿ ಬಾಗಿಲು ಬಡಿಯುತ್ತಿದ್ದರು. ಕಬ್ಬಿಣಕ್ಕೆ ಕಿವಿ ಒತ್ತಿ ಹಿಡಿದರೆ ನನಗೂ ಚೆನ್ನಾಗಿ ಕೇಳುತ್ತದೆ. "ಏನೂ ಆಗಲ್ಲಮ್ಮ, ನಾನು ಲಿಫ್ಟಿನವನು, ಬಂದಾಯ್ತು" ಎಂದೆ. ಮಗುವಿಗೆ, "ನಿಮ್ಮಜ್ಜಿಗೆ ಒಂದು ಕಥೆ ಹೇಳ್ತಿರು ಪುಟ್ಟಿ, ನಾನು ಮೇಲೆ ಹೋಗಿ ಬರ್ತೀನಿ" ಎಂದೆ. ಐದಾರು ವರ್ಷವಿರಬೇಕು. ಕೂಡಲೇ ಶುರುಮಾಡಿದಳು.

ಮೇಲೆ ಹೋಗಿ ಕೈಯಿಂದಲೇ ಚಕ್ರ ತಿರುಗಿಸಿ, ಲಿಫ್ಟನ್ನು ಮೂರನೇ ಮಹಡಿಗೆ ಸರಿಯಾಗಿ ಇಳಿಸಿ, ಕೆಳಗೆ ಬಂದೆ. ಕಥೆ ಇನ್ನೂ ನಡೆಯುತ್ತಿತ್ತು. ಒಂದು ಮೊಲ ತನ್ನ ತಂಗಿಯನ್ನು ಹುಡುಕಿಕೊಂಡು ಹೊರಟಿದೆ, ದಾರಿಯಲ್ಲಿ ಒಂದು ನದಿ, ನದಿಗೆ ಸೇತುವೆಯಿಲ್ಲ. ಮಗು ತುಂಬಾ ಚೆನ್ನಾಗಿ ಹೇಳುತ್ತಿತ್ತು. ಕೀಲಿಯನ್ನು ಬಾಗಿಲಿಗೆ ಹಾಕಿದ್ದೆ. ಕಿವಿಯೂ ಬಾಗಿಲಿನ ಮೇಲೇ ಇತ್ತು. ಬಾಗಿಲು ತೆರೆದರೆ ಕಥೆ ನಿಲ್ಲುತ್ತದೆ ಎಂದು ಗೊತ್ತಿತ್ತು.

"ಆಮೇಲೆ ಮೊಲ ಏನ್ ಮಾಡ್ತು ಅಂದ್ರೆ" ಎಂದಳು. ನಾನು ಕೀಲಿ ತಿರುಗಿಸಿದೆ.

ಬೆಳಕು ಬಿದ್ದದ್ದೇ ಅಜ್ಜಿ ಅವಳನ್ನು ಎತ್ತಿಕೊಂಡು ಮೆಟ್ಟಿಲ ಕಡೆಗೆ ಓಡಿದರು. ಮಗು ತಿರುಗಿಯೂ ನೋಡಲಿಲ್ಲ. ಕೆಳಗಿನವರೆಗೂ ಅವರು ಇಳಿಯುವುದನ್ನು ಕಂಬಿಯ ಮೇಲೆ ಬಗ್ಗಿ ನೋಡಿದೆ. ಆ ಮೊಲ ನದಿ ದಾಟಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಅಪ್ಪ